ಚೆಂಡುಹೂವಿನ ಕೆಳಗಿನ ಬಿಳಿ ಪುಡಿ

“ಅಯ್ಯೋ ಮೇಡಂ, ಅದರ ಮೇಲೆ ಕಾಲಿಡಬೇಡಿ!”

ಮ್ಯಾನೇಜರ್ ಕುಮಾರಸ್ವಾಮಿ ಕೂಗುವ ಹೊತ್ತಿಗೆ ಸಬ್ ಇನ್‌ಸ್ಪೆಕ್ಟರ್ ಆಶಾರಾಣಿಯ ಎರಡು ಬೂಟುಗಳೂ ಫ್ಯಾಕ್ಟರಿಯ ನಾತ ತೆಗೆಯುವ ಬೆಡ್ಡಿನ ಮೇಲಿದ್ದವು. ಸತ್ತು ಮಲಗಿರುವುದರ ಮೇಲೆ ಕಾಲಿಟ್ಟರೆ ಇನ್ನೇನು ಕೆಡುತ್ತದೆ ಎಂದು ಅವಳಿಗೆ ಕೇಳಬೇಕೆನಿಸಿತು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸಿನ ಮುಖ ಕಣ್ಣೆದುರಿನಿಂದ ಕದಲುತ್ತಿಲ್ಲ.

ಆ ಹೆಂಗಸು ರಾಣಿ. ಇಲ್ಲೇ ಪಕ್ಕದ ಪಾಳ್ಯದ ನೀರುಗಂಟಿ ಮಾದಸ್ವಾಮಿಯ ಹೆಂಡತಿ. ಗಂಡನನ್ನು ನಿನ್ನೆ ಸಂಜೆ ಕೊಲೆ ಕೇಸಿನಲ್ಲಿ ಒಳಗೆ ಹಾಕಿದಾಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ. “ನಮ್ಮೆಜಮಾನ್ರು ಬಾಯಿ ಜೋರ್ಮಾಡೋರು ಕನವ್ವ, ಕೈ ಮಾಡೋರಲ್ಲ” ಎಂದು ಅಷ್ಟೇ ಹೇಳಿದ್ದಳು. ಇವತ್ತು ಸಂಜೆಯೊಳಗೆ ಅವನನ್ನು ಕೊಳ್ಳೇಗಾಲದ ಕೋರ್ಟಿಗೆ ಹಾಜರುಪಡಿಸಬೇಕು. ಅಲ್ಲಿಂದ ಸೀದಾ ಜೈಲು.

ಮಾಂಬಳ್ಳಿಯಿಂದ ಕೂಗಳತೆಯಲ್ಲಿರುವ ಈ ಫ್ಯಾಕ್ಟರಿಗೆ ಬರುವ ಮಾಲು ಬೆಂದ ಹುಳ. ಸುತ್ತಮುತ್ತ ರೇಷ್ಮೆ ನೂಲು ಬಿಚ್ಚುವವರು ಎಳೆ ತೆಗೆದುಕೊಂಡ ಮೇಲೆ ಗೂಡಿನೊಳಗೆ ಉಳಿಯುತ್ತದಲ್ಲ, ಅದೇ. ಅದನ್ನಿಲ್ಲಿ ಒಣಗಿಸಿ, ಅರೆದು, ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ಕೋಳಿ ಮೇವಿಗೆ ಮಾರುತ್ತಾರೆ. ಒಳ್ಳೆಯ ಕಸುಬೇ. ಆದರೆ ಆ ನಾತ! ಗಾಳಿ ಬೀಸಿದ ಕಡೆಯ ಊರಿನಲ್ಲಿ ಜನ ತಟ್ಟೆ ಮುಂದಿಟ್ಟುಕೊಂಡು ಉಣ್ಣಲಾಗದೆ ಏಳುತ್ತಿದ್ದರು.

ಊರು ಎದ್ದು ಗಲಾಟೆ ಮಾಡಿದ ಮೇಲೆ ಮಾಲೀಕರು ಗಾಳಿಗೆ ಮಲ್ಲಿಗೆ ಸೆಂಟು ಹೊಡೆಸಿದರು. ಹೆಣಕ್ಕೆ ಮಲ್ಲಿಗೆ ಮುಡಿಸಿ ಮೆರವಣಿಗೆ ತೆಗೆದ ಹಾಗಾಯಿತು, ಅಷ್ಟೆ. ಆಮೇಲೆ ಇದ್ದಿಲು ತುಂಬಿದ ದೊಡ್ಡ ಡಬ್ಬ ಕೂರಿಸಿದರು. ಹುಳದ ಜಿಡ್ಡು ಹತ್ತಿ ಇದ್ದಿಲೂ ಬೇಗ ಕೈಕೊಟ್ಟಿತು. ಕೊನೆಗೆ ಬಂದದ್ದು ಈ ಬೆಡ್ಡು. ರಾಗಿ ಕಣದಷ್ಟು ಅಗಲ, ಸುತ್ತ ಸೊಂಟದೆತ್ತರದ ಗೋಡೆ, ಒಳಗೆ ತೆಂಗಿನ ನಾರು, ಮರದ ಚಕ್ಕೆ, ಗೊಬ್ಬರ. ಒಣಗಿಸುವ ಶೆಡ್ಡಿನ ಗಾಳಿಯನ್ನು ಫ್ಯಾನು ಎಳೆದು, ನೀರು ಸುರಿಯುವ ಗೋಪುರದಲ್ಲಿ ತೊಳೆದು, ಈ ಬೆಡ್ಡಿನ ಅಡಿಯಿಂದ ಮೇಲಕ್ಕೆ ಬಿಡುತ್ತದೆ. ನಾರಿನಲ್ಲಿ ಮನೆ ಮಾಡಿಕೊಂಡಿರುವ ಕಣ್ಣಿಗೆ ಕಾಣದ ಜೀವಗಳು ನಾತವನ್ನು ತಿಂದುಬಿಡುತ್ತವೆ. ಅವಕ್ಕೆ ಬೇಕಾದದ್ದು ಹದವಾದ ತೇವ, ಹದವಾದ ಬಿಸುಪು. ಅದನ್ನು ನೋಡಿಕೊಳ್ಳುತ್ತಿದ್ದವನು ಆಪರೇಟರ್ ಶಿವರಾಜು.

ಹಬ್ಬದ ರಜ ಮುಗಿದ ಬೆಳಿಗ್ಗೆ ಆ ಶಿವರಾಜು ಇದೇ ಗೋಡೆಯ ಬುಡದಲ್ಲಿ, ತಲೆಯ ಹಿಂಭಾಗ ಒಡೆದು ಬಿದ್ದಿದ್ದ. ಬೆಡ್ಡಿನ ತುಂಬ ಬ್ಲೀಚಿಂಗ್ ಪುಡಿ ಸುರಿದಿತ್ತು. ಒಳಗಿನ ಜೀವವೆಲ್ಲ ಸತ್ತುಹೋಗಿತ್ತು.

ಬ್ಲೀಚಿಂಗ್ ಪುಡಿ ಅಂದ ಕೂಡಲೇ ಎಲ್ಲರ ಕಣ್ಣು ಹೋದದ್ದು ನೀರುಗಂಟಿಯ ಮೇಲೆ. ಊರಿನ ಕುಡಿಯುವ ನೀರಿನ ಟ್ಯಾಂಕಿಗೆ ಪುಡಿ ಹಾಕುವವನು ಅವನು. “ಈ ಫ್ಯಾಕ್ಟ್ರಿ ಬಾಯಿ ಮುಚ್ಚಿಸ್ತೀನಿ” ಎಂದು ಗೇಟಿನೆದುರು ಕೂಗಿದವನೂ ಅವನೇ. ಬೆಡ್ಡು ಕೆಟ್ಟರೆ ನಾತ ಏಳುತ್ತದೆ, ನಾತ ಎದ್ದರೆ ಫ್ಯಾಕ್ಟರಿ ಮುಚ್ಚುತ್ತದೆ. ಅದಕ್ಕೇ ರಜದ ದಿನ ಕಾಂಪೌಂಡು ಹಾರಿ ಬಂದು ಪುಡಿ ಸುರಿದ, ಅಡ್ಡ ಬಂದ ಶಿವರಾಜುವಿಗೆ ಹೊಡೆದ. ಲೆಕ್ಕ ಸಲೀಸಾಗಿ ಕೂತಿತ್ತು.

“ಟ್ಯಾಂಕ್ ರಿಪೇರಿಗ ಬಿದ್ದು ತಿಂಗ್ಳಾಯ್ತು ಮೇಡಂ. ಆ ಪುಡಿನ ಕೈಲಿ ಮುಟ್ಟಿಲ್ಲ, ಮಾದಪ್ಪನಾಣ್ಗೂ” ಎಂದು ಮಾದಸ್ವಾಮಿ ಗೋಗರೆದಿದ್ದ. ಆದರೆ ಅವನ ಮನೆಯಲ್ಲಿ ಸಿಕ್ಕಿದ ಟವೆಲ್ಲಿನಲ್ಲಿ ಬ್ಲೀಚಿಂಗ್ ವಾಸನೆ ಗಮ್ಮೆನ್ನುತ್ತಿತ್ತು. ಅದೊಂದೇ ಅವನನ್ನು ಸುಳ್ಳುಗಾರನನ್ನಾಗಿ ಮಾಡಿದ್ದು.

ಹಾಗಂತ ಹೇಳಿದ್ದು ಕಾನ್‌ಸ್ಟೇಬಲ್ ಮಹದೇವು. ಬರೆದದ್ದು ಆಶಾರಾಣಿ, ತಾನೇ ಮೂಸಿ ನೋಡಿದೆ ಎಂದು.

ನಿಜ ಏನೆಂದರೆ ಕೊರೊನಾ ಬಂದು ಹೋದಾಗಿನಿಂದ ಆಶಾರಾಣಿಗೆ ವಾಸನೆಯೇ ತಿಳಿಯುವುದಿಲ್ಲ. ಹಾಲು ಸೀದರೆ ಕಣ್ಣಲ್ಲಿ ಕಂಡ ಮೇಲೆಯೇ ಗೊತ್ತು. ಈ ಫ್ಯಾಕ್ಟರಿಯಲ್ಲಿ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುವಾಗ ಅವಳೊಬ್ಬಳು ಬರಿಮುಖದಲ್ಲಿ ನಿಂತಿದ್ದಕ್ಕೆ, “ನಮ್ ಮೇಡಂ ಗಟ್ಟಿಗಿತ್ತಿ” ಎಂದು ಜನ ಬೆರಗಾಗಿದ್ದರು. ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಪೊಲೀಸ್ ಕೆಲಸದಲ್ಲಿ ಹಾಗೆಲ್ಲ ಹೇಳಿಕೊಳ್ಳುವುದುಂಟೇ? ಎಲ್ಲಿ ಹೋದರೂ “ಮಹದೇವು, ಏನು ಬರ್ತಿದೆ ನೋಡ್ರಿ” ಎನ್ನುವುದು, ಅವನು ಕಣ್ಣು ಮುಚ್ಚಿ ಮೂಸಿ “ಮೀನು ಒಣಗಾಕ್ದಂಗೆ ಮೇಡಂ” ಎಂದೋ “ಸೀಮೆಎಣ್ಣೆ ಮೇಡಂ” ಎಂದೋ ಹೇಳುವುದು. ಹೀಗೇ ಸಾಗಿಬಂದಿತ್ತು.

ಮೂಗು ಸತ್ತರೂ ಕಣ್ಣಿದೆಯಲ್ಲ. ಆಶಾರಾಣಿ ಬೆಡ್ಡಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು.

ಆಯುಧಪೂಜೆಯ ಚೆಂಡುಹೂವಿನ ಹಾರ ಬೆಡ್ಡಿನ ಉದ್ದಕ್ಕೂ ಹಾವಿನಂತೆ ಮಲಗಿತ್ತು. ಬಾಡಿದೆ, ಆದರೂ ಕೇಸರಿ ಬಣ್ಣ ಹೋಗಿಲ್ಲ. ನಡುನಡುವೆ ಒಡೆದ ಬೂದುಗುಂಬಳದ ಹೋಳು, ಕುಂಕುಮ ಮೆತ್ತಿದ ನಿಂಬೆಹಣ್ಣು. ಕುಂಕುಮ ಕೆಂಪಗೇ ಇತ್ತು, ನೀರು ತಾಗಿ ಒಂದು ಚೂರೂ ಹರಡಿರಲಿಲ್ಲ. ಅವಳು ಹಾರದ ತುದಿ ಹಿಡಿದು ಎತ್ತಿದಳು. ಕೆಳಗೆ ಬಿಳಿ ಪುಡಿ ಹೆಪ್ಪುಗಟ್ಟಿ ಕೂತಿತ್ತು. ಹೂವಿನ ಮೇಲೆ ನೋಡಿದಳು. ಒಂದು ಚಿಟಿಕೆ ಪುಡಿಯೂ ಇಲ್ಲ.

ಇನ್ನೊಂದು ಕಡೆ ಹಾರ ಎತ್ತಿ ನೋಡಿದಳು. ಅಲ್ಲೂ ಹಾಗೇ.

“ಕುಮಾರಸ್ವಾಮಿಯವರೇ, ಈ ಹಾರ ಯಾವಾಗ ಹಾಕಿದ್ದು?”

“ಆಯುಧಪೂಜೆ ದಿನ ಮೇಡಂ. ಮಧ್ಯಾಹ್ನ ಪೂಜೆ ಆಯ್ತಲ್ಲ, ಆಗ.”

“ಆಮೇಲೆ ಯಾರಾದರೂ ತೆಗೆದು ಹಾಕಿದ್ರಾ?”

“ಯಾರು ಮುಟ್ತಾರೆ ಮೇಡಂ? ಕಡ್ಲೆಪುರಿ ಹಂಚಿ ಬೀಗ ಹಾಕಿದ್ವಿ. ಮಾರನೇ ದಿನ ವಿಜಯದಶಮಿ, ರಜ. ಶಿವರಾಜು ಒಬ್ಬ ಬೆಡ್ಡಿಗೆ ನೀರು ಚಿಮುಕಿಸೋಕೆ ಬಂದಿದ್ದ. ಅದರ ಮಾರನೇ ಬೆಳಿಗ್ಗೆ ನಾವು ಬಾಗಿಲು ತೆಗೆದರೆ...”

“ರಜದ ದಿನ ಮಾದಸ್ವಾಮಿ ಬಂದು ಪುಡಿ ಸುರಿದಿದ್ದರೆ ಪುಡಿ ಹೂವಿನ ಮೇಲಿರಬೇಕಿತ್ತು. ಇಲ್ಲಿ ಪುಡಿಯ ಮೇಲೆ ಹೂವಿದೆ.” ಆಶಾರಾಣಿ ಎದ್ದು ನಿಂತಳು. “ಅಂದರೆ ಪುಡಿ ಬಿದ್ದದ್ದು ಪೂಜೆಗೆ ಮುಂಚೆ. ಆ ಬೆಳಿಗ್ಗೆ ಮಾದಸ್ವಾಮಿ ನಿಮ್ಮ ಗೇಟಿನ ಹೊರಗೆ ಧರಣಿ ಕೂತಿದ್ದ. ಕಾವಲಿಗೆ ನಮ್ಮ ಪೊಲೀಸಿನವರನ್ನ ನಾನೇ ಹಾಕಿದ್ದೆ. ಪುಡಿ ನೀರು ಕುಡಿದು ಹೆಪ್ಪುಗಟ್ಟಿದೆ, ಮೇಲಿನ ಕುಂಕುಮಕ್ಕೆ ನೀರೇ ತಾಗಿಲ್ಲ. ಈ ಬೆಡ್ಡನ್ನ ತೊಳೆದೋರು ಯಾರ್ರೀ?”

“ತೊಳೆದರು ಅಂತ ನಾನೆಲ್ಲಿ ಹೇಳಿದೆ ಮೇಡಂ?”

“ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತಲೇ ಕೇಳ್ತಿರೋದು.”

ಕುಮಾರಸ್ವಾಮಿ ಮೂಗಿನ ಬಟ್ಟೆ ಬಿಚ್ಚಿ ಹಣೆ ಒರೆಸಿಕೊಂಡ. “ಹಬ್ಬಕ್ಕೆ ಎಲ್ಲಾ ಮಿಷನ್ನೂ ತೊಳೆಯೋದು ವಾಡಿಕೆ ಅಲ್ವಾ ಮೇಡಂ. ಹೆಂಗಸರು ಇದನ್ನೂ ತೊಳೆದುಬಿಟ್ಟಿದ್ದಾರೆ. ನನಗೂ ಶಿವರಾಜು ಹೋದ ಮೇಲೇ ಗೊತ್ತಾಗಿದ್ದು. ನಮ್ಮವರೇ ಬೆಡ್ಡು ಕೊಂದರು ಅಂತ ಹೊರಗೆ ಬಂದರೆ ಪರ್ಮಿಷನ್ ಹೋಗುತ್ತೆ, ಹೇಗೂ ಒಬ್ಬ ಸಿಕ್ಕಿದಾನಲ್ಲ, ಸುಮ್ಮನಿರು ಅಂದರು ಮಾಲೀಕರು.”

“ಒಬ್ಬ ಸಿಕ್ಕಿದಾನೆ!” ಆಶಾರಾಣಿಗೆ ಮೈಯೆಲ್ಲ ಉರಿದುಹೋಯಿತು. “ಅವನ ಹೆಂಡತಿ ಅಲ್ಲಿ ಮೆಟ್ಟಿಲ ಮೇಲೆ ಒಣಗ್ತಾ ಕೂತಿದಾಳೆ, ನಾಚಿಕೆ ಆಗಲ್ವೇನ್ರೀ? ತೊಳೆದೋರಲ್ಲಿ ಮುಂದಾಳು ಯಾರು?”

“ಮಾದೇವಮ್ಮ ಅಂತ. ಕೌದಳ್ಳಿಯವಳು. ಇಲ್ಲಿಯವರು ಯಾರೂ ಕೆಲಸಕ್ಕೆ ಬರಲ್ಲ ಮೇಡಂ, ಹನೂರು ಕಡೆಯಿಂದ ವ್ಯಾನಲ್ಲಿ ಕರ್ಕೊಂಡು ಬರ್ತೀವಿ. ಈಗ ಕೆಲಸ ನಿಂತಿದೆ, ಊರಲ್ಲೇ ಇರ್ತಾಳೆ.”

ಗೋಡೆಯ ಆಚೆ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ ಮಹದೇವು ಕೆಮ್ಮಿದ. “ಕೌದಳ್ಳಿ ತನ್ಕ ಓಗಿ ಬರೋಷ್ಟ್ರಲ್ಲಿ ಕೋರ್ಟು ಮುಚ್ಚೋಯ್ತದ ಮೇಡಂ. ಪೋನ್ ಮಾಡಿ ಕೇಳ್ಬುಟ್ರ ಆಗಲ್ವ?”

“ಫೋನಲ್ಲಿ ಮುಖ ಕಾಣಲ್ಲ ಕಣ್ರೀ. ಗಾಡಿ ತೆಗೀರಿ.”

ಡ್ರೈವರ್ ಹಬ್ಬಕ್ಕೆ ಊರಿಗೆ ಹೋದವನು ಇನ್ನೂ ಬಂದಿರಲಿಲ್ಲ. ಜೀಪು ಮಹದೇವುವಿನ ಕೈಯಲ್ಲಿತ್ತು. ಕೊಳ್ಳೇಗಾಲ ದಾಟಿ ಹನೂರಿನ ರಸ್ತೆ ಹಿಡಿದ ಮೇಲೆ ಒಂದೇ ಸಮನೆ ಅಡಚಣೆ. ಅರ್ಧ ರಸ್ತೆಗೆ ಮುಸುಕಿನ ಜೋಳ ಹರವಿ ಒಣಗಿಸುತ್ತಿದ್ದರು. ಉಳಿದರ್ಧದಲ್ಲಿ ಬಸ್ಸು, ಕುರಿ, ಬೆಟ್ಟಕ್ಕೆ ನಡೆದು ಹೊರಟ ಮಾದಪ್ಪನ ಒಕ್ಕಲು. ಆಶಾರಾಣಿ ಗಡಿಯಾರ ನೋಡುವುದು, ಕಿಟಕಿಯಾಚೆ ನೋಡುವುದು, ಮತ್ತೆ ಗಡಿಯಾರ ನೋಡುವುದು.

“ಟೆನ್ಸನ್ ಮಾಡ್ಕಬೇಡಿ ಮೇಡಂ” ಎಂದ ಮಹದೇವು. ಅವನು ಮಾಂಬಳ್ಳಿಯವನೇ. ಮಾತಿನಲ್ಲಿ ಯಾವಾಗಲೂ ಒಂದು ತಮಾಷೆ. “ಒಂದ್ ಕತ ಏಳ್ಲಾ? ಆ ಬೆಡ್ ಬರಕ ಮುಂಚ ನಮ್ ತಂಗಿ ದೀಪನ್ನ ನೋಡಕ ನರಸೀಪುರದ ಕಡೆಯಿಂದ ಬಂದಿದ್ರು. ಉಪ್ಪಿಟ್ಟು, ಕೇಸರಿಬಾತು ತಟ್ಟೆಗಾಕಿ ಕೊಟ್ವಿ. ಅಷ್ಟೊತ್ಗ ಗಾಳಿ ತಿರುಗ್ತು ನೋಡಿ. ಗಂಡಿನ ಅವ್ವ ತಟ್ಟನ ಕೆಳಗಿಟ್ಟು, ಮೂಗ್ಗ ಸೆರಗಿಡ್ಕಂಡು ಎದ್ದೋಳು ತಿರ್ಗ ಈ ಕಡೆ ಮಕ ಆಕ್ನಿಲ್ಲ.”

ಆಶಾರಾಣಿಗೆ ನಗು ಬಂತು. “ಹೋಗಲಿ ಬಿಡ್ರಿ, ಬೆಡ್ಡು ಬಂತಲ್ಲ, ಆಮೇಲೆ ಬೇರೆ ಗಂಡು ನೋಡಬಹುದಿತ್ತು.”

“ಬೆಡ್ ಬಂದ್ಮೇಲೂ ಫ್ಯಾನ್ ಕೆಟ್ಟ ದಿನ ಅದೇ ನಾತ ಮೇಡಂ. ಮತ್ತೊಂದ್ ಗಂಡು ಅಂತಾದ್ದೇ ದಿನ ಬಂದ್ರು.” ಅವನೂ ನಕ್ಕ. ನಕ್ಕವನು ಹಾರನ್ ಒತ್ತಿಹಿಡಿದು ಕುರಿಮಂದೆಯ ನಡುವೆ ಜೀಪು ನುಗ್ಗಿಸಿದ.

ಅಜ್ಜೀಪುರದ ಹತ್ತಿರ ಠಾಣೆಯಿಂದ ರೈಟರ್ ರಾಜಣ್ಣ ಫೋನು ಮಾಡಿದ. “ಮೇಡಂ, ಆರೋಪಿನ ಕೋರ್ಟಿಗೆ ಹೊರಡಿಸ್ಲಾ?”

“ನಾನು ಹೇಳೋವರೆಗೂ ಹೊರಡಿಸಬೇಡಿ.”

“ತಡ ಆದ್ರೆ ನಮಗೇ ಛೀಮಾರಿ ಮೇಡಂ.”

“ಹೇಳಿದೆನಲ್ಲ!” ಎಂದು ಫೋನು ಇಟ್ಟಳು. ಅವಳ ದನಿ ಅವಳಿಗೇ ಕರ್ಕಶವಾಗಿ ಕೇಳಿಸಿತು.

ಕೌದಳ್ಳಿಯಲ್ಲಿ ಮಾದೇವಮ್ಮನ ಮನೆಯ ಓಣಿಗೆ ಜೀಪು ಹೋಗುವಂತಿರಲಿಲ್ಲ. ಮಹದೇವುವನ್ನು ಓಣಿಯ ಬಾಯಲ್ಲಿದ್ದ ಟೀ ಅಂಗಡಿಯ ಹತ್ತಿರ ಬಿಟ್ಟು ಆಶಾರಾಣಿ ಒಬ್ಬಳೇ ನಡೆದಳು.

ಜಗುಲಿಯ ಮೇಲೆ ಜೋಳದ ತೆನೆ ಬಿಡಿಸುತ್ತಿದ್ದ ಹೆಂಗಸು ಖಾಕಿ ಕಂಡದ್ದೇ ಎದ್ದು ನಿಂತಳು. ನರೆತ ಕೂದಲು, ಗಟ್ಟಿಮುಟ್ಟಾದ ತೋಳು.

“ಮಾದೇವಮ್ಮ ಅಂದ್ರೆ ನೀವೇನಾ?”

“ಊಂ ಕನವ್ವ. ನಂಗೇನೂ ಗೊತ್ತಿಲ್ಲ. ನಾವು ಕೂಲಿಯೋರು.”

“ನಾನಿನ್ನೂ ಏನೂ ಕೇಳೇ ಇಲ್ವಲ್ಲ.”

ಮಾದೇವಮ್ಮ ಕೂತು ಮತ್ತೆ ತೆನೆಗೆ ಕೈಹಾಕಿದಳು. ಕಾಳು ಮೊರದೊಳಗೆ ಬೀಳುವ ಬದಲು ಅಂಗಳಕ್ಕೆಲ್ಲ ಹಾರತೊಡಗಿತು.

ಆಶಾರಾಣಿ ಜೇಬಿನಿಂದ ಒಂದು ತುಂಡು ಹಾರ ತೆಗೆದು ಮೊರದ ಮೇಲಿಟ್ಟಳು. “ಇದನ್ನ ಕಟ್ಟಿದ್ದು ಯಾರು?”

ಹೂವು ಕಂಡ ಮುಖ ಸಡಿಲವಾಯಿತು. “ನಾನೇ. ಅಷ್ಟುದ್ದಕೂ ನಾನೇ ಕಟ್ಟಿದ್ದು.”

“ಮಾದಸ್ವಾಮಿ ಅನ್ನೋನು ಲಾಕಪ್ಪಲ್ಲಿ ಇದಾನೆ. ಆ ಬೆಡ್ಡನ್ನ ಕೊಂದದ್ದು ಅವನ ಕೈ ಅಂತ ನಾನೇ ಬರೆದಿದೀನಿ. ನೀವು ಬಾಯಿ ಬಿಡದಿದ್ರೆ ಸಂಜೆಗೆ ಜೈಲಿಗೆ ಹೋಗ್ತಾನೆ. ಕೊಂದೋರು ನೀವು, ಹೋಗೋನು ಅವನು.”

“ಕೊಂದೋರಾ?” ಮಾದೇವಮ್ಮನ ಕೈಯಿಂದ ತೆನೆ ಜಾರಿತು. “ಅಯ್ಯೋ ನನ್ನವ್ವ! ಕೊಲ್ಲಕ ತೊಳೆದ್ವಾ ನಾವು ಅದ?”

“ಮತ್ತೆ ಯಾಕೆ ತೊಳೆದ್ರಿ?”

“ಯಾಕಂದ್ರ ಏನೇಳ್ಲಿ. ಅದು ಬರಕ ಮುಂಚ ಬಸ್ನಲ್ಲಿ ನನ್ ಪಕ್ಕದಲ್ಲಿ ಯಾರೂ ಕೂರ್ತಿರ್ನಿಲ್ಲ ಕನವ್ವ. ಎಷ್ಟ್ ಸೋಪಾಕಿ ಉಜ್ಜುದ್ರೂ ನನ್ ಮೊಮ್ಮಗ ‘ಅಜ್ಜಿ ನಾತ’ ಅಂತ ತೊಡ ಮ್ಯಾಲಿಂದ ಇಳ್ದೋಡದು. ಆ ಬೆಡ್ ಬಂದ್ಮೇಲ ಶೆಡ್ನಲ್ಲಿ ಉಸಿರಾಡಂಗಾಯ್ತು. ನಮ್ ಗಬ್ಬನೆಲ್ಲ ತಾನು ಕುಡಕಂಡು ನಮ್ಮ ಮನುಸ್ರನ್ನ ಮಾಡ್ತು.” ಅವಳು ಮೂಗು ಸೀಟಿಕೊಂಡಳು. “ಶಿವರಾಜಣ್ಣ ಏಳರು, ‘ಇದು ಮಿಷನ್ನಲ್ಲ ಕನವ್ವ, ಇದ್ರೊಳ್ಗ ಜೀವ ಅದ, ನಾತನೇ ಅದ್ರ ಊಟ’ ಅಂತ. ಜೀವ ಇರೋದು ಅಂದ್ಮೇಲ ಅಬ್ಬದ ದಿನ ಮೀಸಬ್ಯಾಡ್ವ? ಕೊಪ್ಪರಿಕೆ ಮೀಸಿದ್ವಿ, ಗಾಣ ಮೀಸಿದ್ವಿ, ತಕ್ಕಡಿ ಮೀಸಿದ್ವಿ. ನಮ್ಗಾಗಿ ಇಷ್ಟ್ ಮಾಡೋ ಅದೊಂದ್ನ ಎಂಗ ಬುಡದು?”

ಬೈಯಬೇಕೆಂದು ಬಂದ ಆಶಾರಾಣಿಗೆ ಬೈಗುಳ ಬರಲಿಲ್ಲ. ಹಬ್ಬದ ದಿನ ಮನೆಯ ಹಸುವಿಗೆ ಮೈ ತೊಳೆಯುವ ಹಾಗೆ ಈ ಹೆಂಗಸು ಆ ಬೆಡ್ಡಿನ ಮೈ ತೊಳೆದಿದ್ದಳು. ತೊಳೆದು ಕೊಂದಿದ್ದಳು.

“ಬ್ಲೀಚಿಂಗ್ ಪುಡಿ ಯಾಕೆ ಹಾಕಿದ್ರಿ ಮತ್ತೆ?”

“ನಾವೆಲ್ಲಿ ಆಕನ ಅಂದ್ವಿ? ಅರಿಶಿನದ ನೀರ ಚಿಮುಕ್ಸನ ಅಂತ ಚೊಂಬು ತಕಂಡಿದ್ದಿ. ಅಷ್ಟೊತ್ಗ ಪೊಲೀಸಣ್ಣ ಬಂದ್ರು.”

“ಯಾವ ಪೊಲೀಸಣ್ಣ?”

“ಗೇಟ್ ತಾವ ಕಾವ್ಲಿಗಿದ್ರಲ್ಲ, ಅದ್ರಲ್ಲೊಬ್ರು. ಮಕ್ಕ ಕರ್ಚೀಪ್ ಕಟ್ಟಿದ್ರು. ಒಂದ್ ಮೂಟ ತಂದಿಳ್ಸಿ, ‘ಅರಿಶಿನದಲ್ಲಿ ಏನಾದ್ದವ್ವ, ಇದ್ನ ಕಲ್ಸಿ ಉಯ್ಯಿ, ಕೊಳೆ ಎಲ್ಲ ಓಯ್ತದ. ಶಿವರಾಜು ಏಳ್ಕಳ್ಸವ್ನ’ ಅಂದ್ರು. ಶಿವರಾಜಣ್ಣ ಆಗ ಬಾಳೆಕಂದು ತರಕ ಕೊಳ್ಳೇಗಾಲ್ಕ ಓಗಿದ್ರು. ಪೊಲೀಸ್ನೋರೇ ಏಳ್ದ್ಮೇಲ ಇನ್ನೇನು ಅಂತ ಚೊಂಬ್ಚೊಂಬು ಉಯ್ದು, ಮಿಕ್ಕಿದ್ ಪುಡಿನೂ ಮ್ಯಾಲ ಉದುರ್ಸಿ, ಊವ ಮುಚ್ಚುದ್ವಿ. ಶಿವರಾಜಣ್ಣ ಬರಾಗ ಮಂಗಳಾರತಿ ನಡೀತಿತ್ತು. ಪುಡಿ ಇನ್ನೂ ಒದ್ದೆ, ಬೆಳ್ಳಗ ಕಾಣ್ತಿರ್ನಿಲ್ಲ, ಬರೀ ಊವ ಕಂಡಿದ್ದು ಅವ್ರ್ಗ.”

ಆಶಾರಾಣಿ ಜಗುಲಿಯ ಅಂಚಿಗೆ ಕೂತಳು.

“ಆಮೇಲೆ?”

“ಮಾರ್ನೇ ದಿನ ಬೆಳಿಗ್ಗೆ ಪೋನ್ ಮಾಡಿದ್ರು. ಅಳ್ತಿದ್ರು ಕನವ್ವ ಆ ಮನ್ಸ! ‘ಯಾರವ್ವ ನಿಮ್ಗ ಏಳಿದ್ದು’ ಅಂದ್ರು. ‘ನೀವೇ ಏಳ್ಕಳ್ಸಿದ್ರಿ ಅಂತ ಗೇಟಿನ ಪೊಲೀಸ್ನೋರು ಅಂದ್ರು’ ಅಂದಿ. ‘ನಂಗೊತ್ತು ಆವಯ್ಯ ಯಾರು ಅಂತ. ಇಲ್ಗೇ ಕರುಸ್ಕಂಡು ಕೇಳ್ತೀನಿ’ ಅಂದ್ರು. ಅದೇ ಕಡೆ ಮಾತು.” ಮಾದೇವಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. “ನಾನು ಏಳ್ದೇ ಇದ್ದಿದ್ರ ಅಂವ ಇವತ್ತು ಬದುಕಿರೋನು.”

ಆ ದಿನ ಗೇಟಿಗೆ ಹಾಕಿದ ಮೂವರ ಹೆಸರು ಆಶಾರಾಣಿಯ ತಲೆಯಲ್ಲಿ ಒಂದೊಂದಾಗಿ ಬಂದವು. ಮೂರನೆಯದರ ಹತ್ತಿರ ಮನಸ್ಸು ಹಿಂದೆ ಸರಿಯಿತು. ಛೆ, ಅವನಲ್ಲ. ಅವನಿರಲಾರ.

“ಮೇಡಂ! ಒತ್ತಾಯ್ತದ, ಕೋರ್ಟ್ ಮುಚ್ಚೋಯ್ತದ!” ಓಣಿಯ ತಿರುವಿನಿಂದ ಮಹದೇವು ಕೂಗಿದ. ಮೂಲೆಮನೆಯ ಗೋಡೆ ಅಡ್ಡವಿತ್ತು, ಅವನು ಕಾಣುತ್ತಿರಲಿಲ್ಲ.

ಮಾದೇವಮ್ಮ ತಟ್ಟನೆ ಎದ್ದು ಬಾಗಿಲ ಹಿಂದಕ್ಕೆ ಸರಿದಳು. ಮುಖದಲ್ಲಿ ರಕ್ತವಿರಲಿಲ್ಲ.

“ಏನಾಯ್ತು?”

“ಅದೇ ದನಿ ಕನವ್ವ” ಎಂದು ಪಿಸುಗುಟ್ಟಿದಳು. “ಕರ್ಚೀಪಿನ ಒಳಗಿಂದ ಕೇಳಿದ್ದು. ಅದೇ.”

“ಸರಿಯಾಗಿ ಹೇಳಿ. ಒಬ್ಬ ಮನುಷ್ಯನ ಬದುಕಿನ ಪ್ರಶ್ನೆ.”

“ಮಾದಪ್ಪನ ಬೆಟ್ಟದ ಕಡೀಕ ತಿರುಗಿ ಏಳ್ತೀನಿ. ಅದೇ.”

“ಇವತ್ತು ಮನೇಲಿ ಒಬ್ಬರೇ ಇರಬೇಡಿ. ಮಗಳ ಮನೆಗೋ ಎಲ್ಲಿಗೋ ಹೋಗಿ. ಈಗಲೇ.”

ಓಣಿ ದಾಟುವಾಗ ಆಶಾರಾಣಿ ಒಂದೊಂದನ್ನೇ ತೂಗಿ ನೋಡಿದಳು. ಒಂದು ಸಲ ಬಟ್ಟೆಯೊಳಗಿಂದ ಕೇಳಿದ ದನಿ ಯಾವ ಸಾಕ್ಷಿ? ಮುದುಕಿ ಹೆದರಿದ್ದಾಳೆ. ಆದರೆ ಆವತ್ತು ಅವನೇ ಆಗಿದ್ದರೆ? ಮಾರನೇ ದಿನ ಶಿವರಾಜು ಕರೆಸಿಕೊಂಡದ್ದೂ ಅವನನ್ನೇ. ಟವೆಲ್ಲಿನ ವಾಸನೆ ಹೇಳಿದವನೂ ಅವನೇ ಅಲ್ಲವೇ? ಆ ವಾಸನೆ ಇಲ್ಲದಿದ್ದರೆ ಮಾದಸ್ವಾಮಿಯ ಮೇಲೆ ಇನ್ನೇನು ಉಳಿಯುತ್ತದೆ?

ತಿರುವಿನಲ್ಲೊಂದು ಬಟ್ಟೆ ಅಂಗಡಿಯಿತ್ತು. ಮಹದೇವು ಆಗಲೇ ಜೀಪು ತಿರುಗಿಸಲು ಹೋಗಿದ್ದ. ಅವಳು ಹೊಸ ಬಿಳಿ ಟವೆಲ್ಲೊಂದನ್ನು ಕೊಂಡು, ಚೀಟಿ ಕಿತ್ತು, ಗೋಡೆಯ ಮಣ್ಣಿಗೆ ಉಜ್ಜಿ, ಮುದ್ದೆ ಮಾಡಿ ಪ್ಲಾಸ್ಟಿಕ್ ಕವರಿಗೆ ತುರುಕಿದಳು. ಬಸ್ಸಿಗೆ ಹೋಗಿಬಿಡಲೇ ಎಂದೂ ಒಂದು ಗಳಿಗೆ ಅನಿಸಿತು. ಬಸ್ಸು ತಲುಪುವ ಹೊತ್ತಿಗೆ ಮಾದಸ್ವಾಮಿ ಜೈಲಿನಲ್ಲಿರುತ್ತಿದ್ದ. ಜೀಪು ಹತ್ತಿದಳು.

“ಏನಂದ್ಲು ಮೇಡಂ ಮುದುಕಿ?” ಊರು ದಾಟಿದ ಮೇಲೆ ಮಹದೇವು ಕೇಳಿದ.

“ಏನೂ ಇಲ್ಲ. ಅಳ್ತಾಳೆ ಅಷ್ಟೆ. ಅವಳ ಮನೇಲಿ ಒಂದು ಟವೆಲ್ ಸಿಕ್ತು.”

“ಟವೆಲ್ಲಾ?”

“ನೋಡ್ರಿ, ಏನಾದರೂ ಬರ್ತಿದೆಯಾ.”

ಅಜ್ಜೀಪುರದ ಈಚೆ, ಹುಣಸೆಮರದ ನೆರಳಿನಲ್ಲಿ ಅವನು ಗಾಡಿ ನಿಲ್ಲಿಸಿದ. ಇಂಜಿನ್ನು ಗುರುಗುಡುತ್ತಲೇ ಇತ್ತು. ಕವರಿನಿಂದ ಟವೆಲ್ಲು ತೆಗೆದು, ಎಂದಿನಂತೆ ಕಣ್ಣು ಮುಚ್ಚಿ ಮೂಗಿಗೆ ಹಿಡಿದು, ನಿಧಾನಕ್ಕೆ ಉಸಿರೆಳೆದ. ಆಶಾರಾಣಿ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡಿದಳು. ಮನಸ್ಸಿನೊಳಗೆ ಬೇಡಿಕೊಂಡಳು. ಹೊಸ ಬಟ್ಟೆಯ ವಾಸನೆ ಅನ್ನು, ಮಣ್ಣಿನ ವಾಸನೆ ಅನ್ನು, ಏನೂ ಇಲ್ಲ ಅನ್ನು ಮಹದೇವು.

“ಬ್ಲೀಚಿಂಗೇ ಮೇಡಂ” ಎಂದ ಅವನು. “ಮಾದಸ್ವಾಮಿ ಟವೆಲ್ನಲ್ಲಿ ಬತ್ತಿತ್ತಲ್ಲ, ಅದೇ ಗಮಲು. ಮುದುಕಿನೂ ಅವ್ನ ಜೊತ್ಗ ಸೇರವ್ಳ ಅನ್ಸ್ತದ.”

ಅಂಗಡಿಯ ಮಡಿಕೆ ಇನ್ನೂ ಮಾಸದ ಟವೆಲ್ಲು ಅವನ ಕೈಯಲ್ಲಿತ್ತು. ಎಷ್ಟು ವರ್ಷ ಆಶಾರಾಣಿ ಈ ಮೂಗನ್ನು ತನ್ನ ಮೂಗು ಅಂದುಕೊಂಡಿದ್ದಳು! ಯಾವ ಪಾಪವೂ ಮಾಡದ ಒಬ್ಬನನ್ನು ಅದೇ ಮೂಗನ್ನು ನಂಬಿ ಒಳಗೆ ಹಾಕಿದ್ದಳು.

“ಸರಿಯಾಗಿ ನೋಡಿದ್ರಾ?” ದನಿ ನಡುಗದಂತೆ ಕೇಳಿದಳು.

ಮಹದೇವು ಟವೆಲ್ಲನ್ನು ನೀಟಾಗಿ ಮಡಚಿ, ಅವಳ ತೊಡೆಯ ಮೇಲಿಟ್ಟ. ತಮಾಷೆಯ ಮುಖ ಹಾಗೇ ಇತ್ತು.

“ನಿಮ್ಗ ಬತ್ತಾ ಇಲ್ವ ಮೇಡಂ?”

ಅವಳು ಟವೆಲ್ಲನ್ನು ಮತ್ತೆ ಕವರಿಗೆ ತುರುಕಿದಳು.

“ಆ ಟವೆಲ್ಲಿನ ಗಮಲು ನಿಮ್ಗೂ ಬಂತು ಅಂತ ನೀವೇ ಬರದ್ರಿ. ನಿಮ್ ಕೈಯಾರ. ರುಜು ಆಕಿ.” ಅವನು ರಸ್ತೆ ನೋಡುತ್ತ ಮೆಲ್ಲಗೆ ಹೇಳಿದ. “ನಿಮ್ಗ ಮೂಗಿಲ್ಲ ಅಂತ ನಂಗ ಎಂದಿಂದ್ಲೂ ಗೊತ್ತು ಮೇಡಂ. ಯಾರ್ಗೂ ಏಳ್ನಿಲ್ಲ ನಾನು. ಮುಂದ್ಕೂ ಏಳಲ್ಲ. ನೀವೂ ಸುಮ್ನಿದ್ರ.”

ತೊಡೆಯ ಮೇಲೆ ಫೋನು ಹೊಡೆದುಕೊಂಡಿತು. ರೈಟರ್ ರಾಜಣ್ಣ.

“ಮೇಡಂ, ಇನ್ನು ಕಾಯೋಕಾಗಲ್ಲ. ಮಾದಸ್ವಾಮಿನ ವ್ಯಾನ್ ಹತ್ತಿಸಿದೀವಿ. ಅವನ ಹೆಂಡತಿ ಚಕ್ರದ ಮುಂದೆ ಮಲಗಿಬಿಟ್ಟಿದಾಳೆ. ಏನ್ಮಾಡ್ಲಿ? ಹೊರಡಿಸ್ಲಾ, ಬೇಡ್ವಾ? ಒಂದು ಮಾತು ಹೇಳಿ.”

ಆಶಾರಾಣಿ ಬಾಯಿ ತೆರೆದಳು. ಅವಳ ಮಾತು ಚೆನ್ನಾಗಿ ಕೇಳಿಸಲೆಂದು ಮಹದೇವು ಇಂಜಿನ್ನು ಆಫ್ ಮಾಡಿದ.